ಪುಸ್ತಕವೋ, ಪರದೆಯೋ? ಸಿಎಸ್‌ಐ ಚರ್ಚುಗಳ ಆರಾಧನಾ ಜಗಳವನ್ನು ಅರ್ಥ ಮಾಡಿಕೊಳ್ಳೋದು ಹೇಗೆ

ಚರ್ಚಿನಲ್ಲಿ ಪುಸ್ತಕ ಹಿಡಿದು ಪ್ರಾರ್ಥನೆ ಓದಬೇಕೋ, ಪರದೆ ನೋಡಿಕೊಂಡು ಬ್ಯಾಂಡಿನ ಜೊತೆ ಹಾಡಬೇಕೋ? ಹೊರಗಿನವರಿಗೆ ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಕರ್ನಾಟಕದ ಸಿಎಸ್‌ಐ ಸಭೆಗಳಲ್ಲಿ ಎಷ್ಟೋ ಮನೆಗಳೊಳಗೇ ಇದು ಎರಡು ಪಕ್ಷ ಮಾಡಿದೆ. ಅಜ್ಜಿಗೆ ಬೆಳಗಿನ ಕನ್ನಡ ಆರಾಧನೆಯೇ ಬೇಕು, ಮೊಮ್ಮಗನಿಗೆ ಗಿಟಾರ್, ಡ್ರಮ್ಸ್ ಇಲ್ಲದಿದ್ದರೆ ನಿದ್ದೆ ಬರುತ್ತೆ.

2011ರ ಜನಗಣತಿ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 1.87ರಷ್ಟು. ಅವರಲ್ಲಿ ಒಂದು ಭಾಗದೊಳಗಿನ ಜಗಳವನ್ನು ಉಳಿದವರು ಯಾಕೆ ಓದಬೇಕು? ಯಾಕಂದ್ರೆ ಇದರೊಳಗೆ ಭಾಷೆ ಇದೆ, ಜಾತಿ ಇದೆ, ಮೈಕ್ ಯಾರ ಕೈಯಲ್ಲಿರಬೇಕು ಅನ್ನೋ ಪ್ರಶ್ನೆ ಇದೆ. ನನ್ನ ವಾದ ಇಷ್ಟೇ: ಈ ಜಗಳವನ್ನು 'ಹಳೆಯದು ವರ್ಸಸ್ ಹೊಸದು' ಅಂತ ನೋಡಿದರೆ ಏನೂ ಅರ್ಥವಾಗಲ್ಲ. 'ಯಾರನ್ನು ಕೇಳಿ ಬದಲಾಯಿಸಿದಿರಿ' ಅಂತ ನೋಡಿದರೆ ಅರ್ಥವಾಗುತ್ತೆ.

ಮೊದಲು, ಸಿಎಸ್‌ಐ ಅಂದರೇನು?

ಇಂಗ್ಲೆಂಡಿನ ರಾಜಮನೆತನದ ಜೊತೆ ಬೆಳೆದ ಚರ್ಚಿಗೆ ಆಂಗ್ಲಿಕನ್ ಅನ್ನುತ್ತಾರೆ. ದಕ್ಷಿಣ ಭಾರತದಲ್ಲಿ ಈಗ ಆ ಹೆಸರಿನ ಮುಖ್ಯ ಪ್ರತ್ಯೇಕ ಸಭೆ ಇಲ್ಲ. ಸ್ವಾತಂತ್ರ್ಯ ಬಂದು ಆರು ವಾರವಾಗುವಷ್ಟರಲ್ಲಿ, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಯ ಸಭೆಗಳು ಸೇರಿ 'ಚರ್ಚ್ ಆಫ್ ಸೌತ್ ಇಂಡಿಯಾ' ಆದವು. ಬಿಷಪ್ ಇರುವ ಚರ್ಚು, ಬಿಷಪ್ಪೇ ಬೇಡ ಅನ್ನುತ್ತಿದ್ದ ಚರ್ಚು ಒಂದೇ ಸೂರಿನಡಿ ಬಂದದ್ದು ಜಗತ್ತಿನ ಕ್ರೈಸ್ತ ಇತಿಹಾಸದಲ್ಲೇ ಹೊಸದು. ಇವತ್ತು ಸಿಎಸ್‌ಐ ಜಾಗತಿಕ ಆಂಗ್ಲಿಕನ್ ಒಕ್ಕೂಟದ ಸದಸ್ಯ ಸಭೆಯೂ ಹೌದು. ಕರ್ನಾಟಕದಲ್ಲಿ ಅದಕ್ಕೆ ಉತ್ತರ, ದಕ್ಷಿಣ, ಕೇಂದ್ರ ಎಂಬ ಮೂರು ಸಭಾಪ್ರಾಂತಗಳಿವೆ.

ಬೆಂಗಳೂರು ಸೀಮೆಯಲ್ಲಿ ಈ ಪರಂಪರೆಗಳ ಗುರುತು ಕಟ್ಟಡಗಳಲ್ಲೇ ಕಾಣುತ್ತೆ. ಕಂಟೋನ್ಮೆಂಟಿನ ಸೇಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿ ಚರ್ಚುಗಳು ಬ್ರಿಟಿಷ್ ಸೈನ್ಯಕ್ಕೆ, ಅಧಿಕಾರಿಗಳಿಗೆ ಕಟ್ಟಿದ ಆಂಗ್ಲಿಕನ್ ಚರ್ಚುಗಳು. ಪೇಟೆಯ ಕನ್ನಡ ಸಭೆಗಳ ಕಥೆಯೇ ಬೇರೆ. ಕಾರ್ಪೊರೇಷನ್ ಬಳಿಯ ಹಡ್ಸನ್ ಚರ್ಚು ವೆಸ್ಲಿಯನ್ ಮೆಥಡಿಸ್ಟರದು, ಅವೆನ್ಯೂ ರಸ್ತೆಯ ರೈಸ್ ಚರ್ಚು ಲಂಡನ್ ಮಿಷನ್ನಿನದು. ವೆಸ್ಲಿಯನ್ ಮಿಷನರಿಗಳು 1830ರ ದಶಕದ ಕೊನೆಗೇ ಗುಬ್ಬಿಯಲ್ಲಿ ನೆಲೆ ಮಾಡಿಕೊಂಡಿದ್ದರು. ಬೆಂಗಳೂರಿನಿಂದ ಗುಬ್ಬಿಯ ದಾರಿ ನಮ್ಮ ನೆಲಮಂಗಲದ ಮೇಲೆಯೇ ಹೋಗುತ್ತೆ. ಹೀಗಾಗಿ ಹಳೇ ಮೈಸೂರಿನ ಕನ್ನಡ ಸಿಎಸ್‌ಐ ಸಭೆಗಳಲ್ಲಿ ಪುಸ್ತಕದ ಪ್ರಾರ್ಥನೆಗಿಂತ ಸ್ವಂತ ಮಾತಿನ ಪ್ರಾರ್ಥನೆ, ಭಜನೆ, ದೀರ್ಘ ಪ್ರಸಂಗಕ್ಕೆ ಹಳೆಯ ಬೇರುಗಳಿವೆ. 'ಪುಸ್ತಕವೇ ನಮ್ಮ ಮೂಲ ಸಂಪ್ರದಾಯ' ಅನ್ನೋ ಮಾತು ಅಲ್ಲಿಗೇ ಅರ್ಧ ಸಡಿಲವಾಗುತ್ತೆ.

ಸಾಂಪ್ರದಾಯಿಕ ಆರಾಧನೆ ಅಂದರೆ?

ಅದಕ್ಕೊಂದು ಮುದ್ರಿತ ಆರಾಧನಾ ಕ್ರಮ ಇರುತ್ತೆ. ಪಾಪದ ಅರಿಕೆ, ವೇದಪಾಠ, ಪ್ರಸಂಗ, ವಿಶ್ವಾಸ ಪ್ರಮಾಣ, ಮಧ್ಯಸ್ಥ ಪ್ರಾರ್ಥನೆ, ಕರ್ತನ ಭೋಜನ. ಸಭಾಪಾಲಕರು ಒಂದು ಸಾಲು ಹೇಳಿದರೆ ಸಭೆ ಮುಂದಿನ ಸಾಲು ಹೇಳುತ್ತೆ. ಯಾವ ಭಾನುವಾರ ಯಾವ ಭಾಗ ಓದಬೇಕು ಅನ್ನೋದೂ ಮೊದಲೇ ನಿಗದಿ. ದೊಡ್ಡ ಚರ್ಚುಗಳಲ್ಲಿ ಪೈಪ್ ಆರ್ಗನ್, ಕ್ವಾಯರ್. ಸಣ್ಣೂರುಗಳಲ್ಲಿ ಹಾರ್ಮೋನಿಯಂ ಅಥವಾ ಕೀಬೋರ್ಡು, ಹಾಡಿನ ಪುಸ್ತಕ.

ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ನನಗೆ ಇದು ಒಂದು ಪ್ರೋಟೋಕಾಲ್ ಥರ ಕಾಣುತ್ತೆ. ಯಾರ ಸರದಿ ಯಾವಾಗ ಅಂತ ಮೊದಲೇ ಬರೆದಿರೋದರಿಂದ, ಮುಂದೆ ನಿಂತವರು ಎಷ್ಟೇ ದೊಡ್ಡ ಮಾತುಗಾರರಾದರೂ ಸಭೆಯ ಸಾಲುಗಳನ್ನು ನುಂಗಿಹಾಕೋಕೆ ಆಗಲ್ಲ. ಹಿಂದಿನ ಬೆಂಚಿನಲ್ಲಿ ಕೂತ ಮನೆಗೆಲಸದ ಹೆಂಗಸಿಗೂ ಆ ಒಂದೂವರೆ ಗಂಟೆಯಲ್ಲಿ ತನ್ನದೇ ಮಾತುಗಳಿವೆ.

ಆ ಸಂಪ್ರದಾಯದ ವಯಸ್ಸೆಷ್ಟು?

ಆಂಗ್ಲಿಕನ್ನರ ಪ್ರಾರ್ಥನಾ ಪುಸ್ತಕ 1549ರಲ್ಲಿ ಮೊದಲು ಬಂದಾಗ ಅದೇ 'ಆಧುನಿಕ'ವಾಗಿತ್ತು. ಲ್ಯಾಟಿನ್ ಹೋಗಿ ಇಂಗ್ಲಿಷ್ ಬಂತು. ಡೆವನ್ ಮತ್ತು ಕಾರ್ನ್‌ವಾಲ್ ಸೀಮೆಯ ಜನ ದಂಗೆಯೆದ್ದರು. ಕಾರ್ನಿಷ್ ಭಾಷಿಕರಿಗೆ ಇಂಗ್ಲಿಷ್ ಕೂಡ ಲಂಡನ್ನಿನ ಹೇರಿಕೆಯೇ. ಆ ದಂಗೆಯನ್ನು ಅಡಗಿಸುವಾಗ ಸಾವಿರಾರು ಜನ ಸತ್ತರು. ಹಿಂದಿ ಹೇರಿಕೆ ಬಗ್ಗೆ ಮಾತಾಡುವ ನಮಗೆ ಈ ಕಥೆ ಪರಿಚಿತವೇ. ನಂತರ ಬಂದ 1662ರ ಆವೃತ್ತಿಯೇ ಇವತ್ತಿಗೂ 'ಹಳೇ ಕ್ರಮ' ಅನ್ನಿಸಿಕೊಳ್ಳುವುದು. ಅದನ್ನು ಪರಿಷ್ಕರಿಸಲು 1927 ಮತ್ತು 1928ರಲ್ಲಿ ಹೊರಟಾಗ ಬ್ರಿಟಿಷ್ ಪಾರ್ಲಿಮೆಂಟ್ ಎರಡು ಸಲವೂ ತಿರಸ್ಕರಿಸಿತು. ಜನ ಹೇಗೆ ಪ್ರಾರ್ಥಿಸಬೇಕು ಅಂತ ಸಂಸದರು ಓಟು ಹಾಕಿದರು!

ಸಿಎಸ್‌ಐಗೆ ಆ ಹಂಗಿರಲಿಲ್ಲ. 1950ರಲ್ಲಿ ಅದು ತನ್ನದೇ ಕರ್ತನ ಭೋಜನದ ಕ್ರಮ ರೂಪಿಸಿತು. ಇಡೀ 'ಬುಕ್ ಆಫ್ ಕಾಮನ್ ವರ್ಶಿಪ್' 1963ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಮೂರು ವಿಷಯ ಗಮನಿಸಿ. ಒಂದು, ಸಭಾಪಾಲಕರು ಸಭೆಗೆ ಬೆನ್ನು ಹಾಕದೆ ಮೇಜಿನ ಹಿಂದೆ ನಿಂತು ಜನರ ಕಡೆ ಮುಖ ಮಾಡುವುದು. ಕ್ಯಾಥೊಲಿಕ್ ಚರ್ಚುಗಳಲ್ಲಿ ಇದು ರೂಢಿಗೆ ಬಂದದ್ದು 1960ರ ದಶಕದ ಎರಡನೇ ವ್ಯಾಟಿಕನ್ ಸಮ್ಮೇಳನದ ನಂತರ. ಎರಡು, ಕೇರಳದ ಸಿರಿಯನ್ ಕ್ರೈಸ್ತರ ಪೂಜಾವಿಧಿಯಿಂದ ತಂದ ಸಭೆಯ ಪ್ರತಿವಚನಗಳು. ಮೂರು, ಅದೇ ಮೂಲದ 'ಸಮಾಧಾನ'ದ ವಂದನೆ. ಮೇಜಿನ ಬಳಿಯಿಂದ ಹೊರಟು ಕೈಯಿಂದ ಕೈಗೆ, ಸಾಲಿನಿಂದ ಸಾಲಿಗೆ ದಾಟಿ ಕೊನೆಯ ಬೆಂಚು ಮುಟ್ಟುವ ವಂದನೆ ಅದು.

ಅಸ್ಪೃಶ್ಯತೆ ಇರುವ ನೆಲದಲ್ಲಿ ಕೈಗೆ ಕೈ ತಾಗಿಸಿ ಅನ್ನುವ ಸೂಚನೆ ಸಣ್ಣದಲ್ಲ. ಈಗ ಎಷ್ಟೋ ಕಡೆ ನಿಂತಲ್ಲೇ ಕೈಮುಗಿದು ಮುಗಿಸುತ್ತಾರೆ. ಅಂದರೆ ಹಿರಿಯರು 'ಸಂಪ್ರದಾಯ' ಅಂತ ಕಾಪಾಡುತ್ತಿರುವುದು ಸ್ವಾತಂತ್ರ್ಯಾನಂತರದ ಒಂದು ದಿಟ್ಟ ಪ್ರಯೋಗವನ್ನು. ಆದರೆ ಅದರ ದಿಟ್ಟತನವನ್ನು ಅವರೇ ಎಷ್ಟೋ ಕಡೆ ಮರೆತಿದ್ದಾರೆ.

ಆಧುನಿಕ ಆರಾಧನೆಯಲ್ಲಿ ಏನು ಬದಲಾಗುತ್ತೆ?

ಹಾಡಿನ ಪುಸ್ತಕದ ಜಾಗಕ್ಕೆ ಪ್ರೊಜೆಕ್ಟರ್, ಕ್ವಾಯರ್ ಜಾಗಕ್ಕೆ 'ವರ್ಶಿಪ್ ಟೀಮ್' ಬರುತ್ತೆ. ಮೂರ್ನಾಲ್ಕು ಹಾಡುಗಳು ನಿಲ್ಲಿಸದೆ ಹರಿಯುತ್ತವೆ. ಕೈಯೆತ್ತುವುದು, ಕಣ್ಣೀರು, ಚಪ್ಪಾಳೆ, ಸಾಕ್ಷಿ ಹೇಳುವುದು ಎಲ್ಲಕ್ಕೂ ಜಾಗ ಇದೆ. ಇದರ ಪ್ರಭಾವ ಬಂದದ್ದು ಪೆಂಟೆಕೋಸ್ಟಲ್ ಸಭೆಗಳಿಂದ, ಸಿಡ್ನಿಯ ಹಿಲ್‌ಸಾಂಗ್‌ನಂಥ ಕಡೆ ಹುಟ್ಟಿದ ಹಾಡುಗಳಿಂದ, ಈಗ ಯೂಟ್ಯೂಬಿನಿಂದ. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚುಗಳಲ್ಲೂ ಇದೇ ನಡೆದಿದೆ. ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚು ಅದಕ್ಕೆ ಹೆಸರುವಾಸಿ.

ಬ್ಯಾಂಡ್ ಅನ್ನೋದು ವಿದೇಶಿ ಫ್ಯಾಷನ್ ಅನ್ನುವವರಿಗೆ ಒಂದು ಮಾತು. 19ನೇ ಶತಮಾನದ ಮಧ್ಯದವರೆಗೆ ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ಪಿಟೀಲು, ಕ್ಲಾರಿನೆಟ್, ಬಸೂನ್ ನುಡಿಸುವ ಊರಿನ ಬ್ಯಾಂಡುಗಳೇ ಇದ್ದವು. ಆರ್ಗನ್ ಬಂದು ಅವರನ್ನು ಓಡಿಸಿತು. ಥಾಮಸ್ ಹಾರ್ಡಿ 1872ರಲ್ಲಿ ಇದನ್ನೇ ವಸ್ತುವಾಗಿಟ್ಟುಕೊಂಡು ಕಾದಂಬರಿ ಬರೆದ. ಇನ್ನು ಹಾರ್ಮೋನಿಯಂ? 1840ರ ದಶಕದ ಪ್ಯಾರಿಸ್‌ನ ಕೂಸು. ವಿದೇಶಿ ವಾದ್ಯ ಅಂತ ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ದೂರ ಇಟ್ಟಿತ್ತು. ಆದರೂ ಅದು ಕಂಪನಿ ನಾಟಕದಿಂದ ಭಜನಾ ಮಂದಿರದವರೆಗೆ ನಮ್ಮದೇ ಆಯಿತು. ವಾದ್ಯದ ಹುಟ್ಟೂರು ನೋಡಿ ಈ ಜಗಳ ತೀರ್ಮಾನ ಮಾಡೋಕೆ ಆಗಲ್ಲ.

ಎರಡೂ ಕಡೆಯ ಗಟ್ಟಿ ವಾದಗಳು

ಹೊಸ ಶೈಲಿಯವರ ಗಟ್ಟಿ ವಾದ ಭಾಷೆಯದು. ಪುಸ್ತಕದ ಕನ್ನಡ ಗ್ರಾಂಥಿಕ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಹುಡುಗಿಗೆ ಅದು ಬಾಯಿಪಾಠ ಮಾತ್ರ, ಓದು ಬಾರದ ಹಿರಿಯರಿಗೆ ಪುಸ್ತಕವೇ ಗೋಡೆ. ಪೀಣ್ಯ ಮತ್ತು ದಾಬಸ್‌ಪೇಟೆ ಕೈಗಾರಿಕಾ ಪ್ರದೇಶಗಳ ನಡುವಿನ ನೆಲಮಂಗಲದಂಥ ಊರಿಗೆ ಕೆಲಸಕ್ಕೆ ಬಂದವರ ಮನೆಮಾತು ತೆಲುಗು, ತಮಿಳು, ಹಿಂದಿ ಏನೂ ಇರಬಹುದು. ಪರದೆ ಮೇಲೆ ಎರಡು ಲಿಪಿಯಲ್ಲಿ ಸಾಲು ತೋರಿಸಬಹುದು, ಪುಸ್ತಕದಲ್ಲಿ ಅಷ್ಟು ಸುಲಭವಲ್ಲ.

ಹಳೇ ಶೈಲಿಯವರ ಗಟ್ಟಿ ವಾದ ಅಧಿಕಾರದ್ದು. ಬ್ಯಾಂಡ್ ಬಂದ ಮೇಲೆ ಸಭೆ ಪ್ರೇಕ್ಷಕ ವರ್ಗ ಆಗಿಬಿಡುತ್ತೆ ಅನ್ನೋದು ಅವರ ಆತಂಕ. ಸೌಂಡ್ ಜೋರಾದಷ್ಟೂ ಪಕ್ಕದವರ ದನಿ ಕೇಳಲ್ಲ. ಮಧ್ಯಸ್ಥ ಪ್ರಾರ್ಥನೆಯಲ್ಲಿ ರೋಗಿಗಳು, ಬಡವರು, ಸರ್ಕಾರ, ಜಗತ್ತು ಎಲ್ಲದರ ಹೆಸರು ಬರುತ್ತಿತ್ತು. ಹಾಡಿನಲ್ಲಿ ಉಳಿಯೋದು 'ನಾನು' ಮತ್ತು 'ನನ್ನ ಯೇಸು' ಮಾತ್ರ. ನನಗೆ ಇದು ತೂಕದ ಮಾತು ಅನ್ನಿಸುತ್ತೆ. ಬೇಕೋ ಬೇಡವೋ, ಪ್ರತಿವಾರ ಊರಿನ ಕಷ್ಟದ ಬಗ್ಗೆ ನಿಮ್ಮ ಬಾಯಲ್ಲಿ ಒಂದು ಸಾಲು ಹೇಳಿಸುವ ಪಠ್ಯ ಕೈಬಿಟ್ಟರೆ, ಆ ಸಾಲನ್ನು ಮತ್ತೆ ಸೇರಿಸುವವರು ಯಾರು?

ಇಬ್ಬರೂ ಮರೆತ ವಾದ್ಯ

ಆರ್ಗನ್ನು, ಗಿಟಾರಿನ ಗಲಾಟೆಯಲ್ಲಿ ತಮಟೆ ಎಲ್ಲಿ ಹೋಯಿತು? ನಮ್ಮ ಸೀಮೆಯ ಹಳ್ಳಿಗಳಲ್ಲಿ ಪ್ರೊಟೆಸ್ಟೆಂಟ್ ಸಭೆ ಸೇರಿದವರಲ್ಲಿ ದಲಿತರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ತಮಟೆ ಅವರ ಕೈಯ ಕಲೆ. ಆದರೆ ಅದನ್ನು ಬಾರಿಸುವುದು ಸಾವಿಗೆ, ಡಂಗುರಕ್ಕೆ, ಬಿಟ್ಟಿ ಚಾಕರಿಗೆ ಅಂಟಿಕೊಂಡಿತ್ತು. ಆ ಅವಮಾನ ಬಿಟ್ಟು ಬರಲೆಂದೇ ಚರ್ಚಿಗೆ ಬಂದವರಿಗೆ ಅದು ಮತ್ತೆ ಬೇಡ ಅನ್ನಿಸಿದರೆ ಅದೂ ನ್ಯಾಯವೇ. ಮದುರೈನ ತಮಿಳುನಾಡು ಥಿಯಾಲಾಜಿಕಲ್ ಸೆಮಿನರಿಯ ಜೇಮ್ಸ್ ಥಿಯೋಫಿಲಸ್ ಅಪ್ಪಾವು ಬೇರೆ ದಾರಿ ಹಿಡಿದರು. ಆಡುಮಾತಿನ ತಮಿಳು, ಜನಪದ ಧಾಟಿ, ಪರೈ ಬಳಸಿ ಪೂರ್ತಿ ಆರಾಧನಾ ಕ್ರಮವನ್ನೇ ಕಟ್ಟಿದರು. ಅದರಲ್ಲಿ ಲಿಖಿತ ಕ್ರಮವೂ ಇದೆ, ಬಡಿತವೂ ಇದೆ.

ಇದಕ್ಕೊಂದು ಕಾನೂನಿನ ನೆರಳೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ, ತಿದ್ದುಪಡಿಯಾಗಿ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಎಸ್‌ಸಿ ಸ್ಥಾನ ಕೊಟ್ಟಿತು. ಕ್ರೈಸ್ತ ದಲಿತರು ಹೊರಗೇ ಉಳಿದರು. ದಾಖಲೆಯಲ್ಲಿ ಕಾಣದ ಸಮುದಾಯ ಆರಾಧನೆಯ ಸಂಗೀತದಲ್ಲೂ ಕಾಣದಿದ್ದರೆ, ಸಮಸ್ಯೆ ರುಚಿಯದ್ದು ಮಾತ್ರ ಅಂತ ಹೇಳೋಕಾಗಲ್ಲ.

ಶಬ್ದ ಮತ್ತು ಭಯ

ಡ್ರಮ್ಸ್ ಬಂದ ಮೇಲೆ ಚರ್ಚು ಅಕ್ಕಪಕ್ಕದವರಿಗೂ ಕೇಳುತ್ತೆ. ಮದರಾಸಿನ ಒಂದು ಪೆಂಟೆಕೋಸ್ಟಲ್ ಸಭೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದ ಆಗಸ್ಟ್‌ನಲ್ಲಿ, ಧ್ವನಿವರ್ಧಕ ಹಾಕಿ ಡ್ರಮ್ ಬಾರಿಸಿ ಪ್ರಾರ್ಥಿಸಿ ಅಂತ ಯಾವ ಧರ್ಮವೂ ಹೇಳುವುದಿಲ್ಲ ಎಂಬ ನಿಲುವು ತಾಳಿ ಸಭೆಯ ಮೇಲ್ಮನವಿ ವಜಾ ಮಾಡಿತು. ಅದೇ ವರ್ಷದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಎಲ್ಲ ಧರ್ಮಕ್ಕೂ ಒಂದೇ ನಿಯಮ.

ಆದರೆ ನಿಯಮ ಒಂದೇ ಆದರೂ ಭಯ ಒಂದೇ ಅಲ್ಲ. ರಾಜ್ಯದಲ್ಲಿ 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಇಂಥ ವಾತಾವರಣದಲ್ಲಿ ಸ್ವಂತ ಕಾಂಪೌಂಡ್ ಇರುವ ನೂರು ವರ್ಷದ ಚರ್ಚಿಗೂ, ಬಾಡಿಗೆ ಹಾಲ್‌ನಲ್ಲಿ ಸೇರುವ ಸಣ್ಣ ಸಭೆಗೂ ಒಂದೇ ಹಾಡಿನ ಬೆಲೆ ಬೇರೆ ಬೇರೆ. 'ಸದ್ದು ಬೇಡ' ಅನ್ನುವ ಹಿರಿಯರ ಮಾತಿನ ಹಿಂದೆ ಕೆಲವೊಮ್ಮೆ ಇರೋದು ಸಂಗೀತದ ರುಚಿಯಲ್ಲ, ಈ ಲೆಕ್ಕಾಚಾರ.

ಹಾಗಾದರೆ ಯಾರು ತೀರ್ಮಾನಿಸಬೇಕು?

ಇದಕ್ಕೆ ಉತ್ತರ 1947ರಲ್ಲೇ ಇದೆ. ಸಭೆಗಳು ಒಂದಾದಾಗ ಮಾಡಿಕೊಂಡ ಒಪ್ಪಂದದಲ್ಲಿ ಎರಡು ಭರವಸೆ ಇದ್ದವು. ಕೂಡುವ ಮೊದಲು ಯಾವ ಸಭೆಯಲ್ಲಿ ಯಾವ ಆರಾಧನಾ ರೀತಿ ಇತ್ತೋ ಅದನ್ನು ನಿಷೇಧಿಸುವಂತಿಲ್ಲ. ಮತ್ತು ಸಭಾಪಾಲಕರು, ಸಭೆ ಇಬ್ಬರೂ ಒಪ್ಪದೆ ರೂಢಿಯ ರೀತಿ ಬದಲಾಯಿಸುವಂತಿಲ್ಲ, ಹೊಸದನ್ನು ತರುವಂತಿಲ್ಲ.

ಇದು ಬದಲಾವಣೆಗೆ ಬೀಗ ಹಾಕುವ ನಿಯಮವಲ್ಲ. ಇದೇ ನಿಯಮದ ಅಡಿಯಲ್ಲೇ 1950ರ ಹೊಸ ಕ್ರಮ ಬಂತು, ಒಪ್ಪಿದ ಸಭೆಗಳು ತಗೊಂಡವು. ಇದು ತಡೆಯೋದು ಎರಡನ್ನು: ಹೊಸ ಪಾಸ್ಟರ್ ಬಂದ ವಾರವೇ ಪುಸ್ತಕಗಳನ್ನು ಬೀರುವಿಗೆ ಸೇರಿಸೋದು, ಮತ್ತು ಕಮಿಟಿಯ ನಾಲ್ಕು ಹಿರಿಯರು 'ನಾವಿರೋತನಕ ಗಿಟಾರ್ ಬರಲ್ಲ' ಅಂತ ಸಭೆಯ ಪರವಾಗಿ ತಾವೇ ಹೇಳಿಬಿಡೋದು. ಸಭೆ ಅಂದರೆ ಕಮಿಟಿ ಅಲ್ಲ, ವರ್ಶಿಪ್ ಟೀಮೂ ಅಲ್ಲ.

ಸಿಎಸ್‌ಐ ಮನೆಗಳ ಹುಡುಗ ಹುಡುಗಿಯರಿಗೆ ನನ್ನ ಸಲಹೆ: ಡ್ರಮ್ ಕಿಟ್‌ಗೆ ದುಡ್ಡು ಕೂಡಿಸುವ ಮೊದಲು ಸಭೆಯ ಸಾಮಾನ್ಯ ಸಭೆ ಕರೆಯೋಕೆ ಕೇಳಿ. ಅಲ್ಲಿ ಅಜ್ಜಿಗೂ ಮೈಕ್ ಕೊಡಿ, ಹಿಂದಿನ ಬೆಂಚಿನವರಿಗೂ ಕೊಡಿ. ಯಾವ ಭಾಷೆ, ಯಾವ ವಾದ್ಯ, ಯಾವ ಪ್ರಾರ್ಥನೆ ಉಳಿಯಬೇಕು ಅಂತ ಅವರ ಬಾಯಿಂದಲೇ ಕೇಳಿ, ಬರೆದಿಟ್ಟುಕೊಳ್ಳಿ. ಹಾಡು ಆಮೇಲೆ ಆರಿಸಬಹುದು.