ಮೇಜು ಒಬ್ಬರದು, ಹಾಸಿದ ಬಟ್ಟೆ ಇನ್ನೊಬ್ಬರದು

ಯಹೂದಿಗಳ ಪಾಸ್ಓವರ್ ಹಬ್ಬದಲ್ಲಿ ಅನ್ನ ತಿನ್ನಬಹುದಾ? ಆ ದಿನಗಳಲ್ಲಿ ಹುದುಗು ಬಂದ ಪದಾರ್ಥ ಮನೆಯಲ್ಲೇ ಇರಕೂಡದು. ಅಕ್ಕಿ, ಬೇಳೆ ಆ ಲೆಕ್ಕಕ್ಕೆ ಬರಲ್ಲ, ತಿನ್ನಿ ಅಂದರು ಯೋಸೆಫ್ ಕಾರೋ. ನಮ್ಮ ಕಡೆ ತಿನ್ನೋ ಪದ್ಧತಿ ಇಲ್ಲ, ಅದನ್ನ ಬದಲಾಯಿಸಬೇಡಿ ಅಂದರು ಮೋಶೆ ಇಸ್ಸೆರ್ಲೆಸ್. ತಮಾಷೆ ನೋಡಿ, ಎರಡೂ ಮಾತು ಒಂದೇ ಪುಸ್ತಕದಲ್ಲಿ ಒಂದರ ಬೆನ್ನಿಗೆ ಒಂದು ಅಚ್ಚಾಗಿವೆ.

ಕಾರೋ 1488ರಲ್ಲಿ ಹುಟ್ಟಿದವರು. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಗಟ್ಟಿತು. ಕೊನೆಗೆ ಅವರು ನೆಲೆ ನಿಂತದ್ದು ಆಟೊಮನ್ನರ ಆಳ್ವಿಕೆಯಲ್ಲಿದ್ದ ಸಫೇದ್ ಪಟ್ಟಣದಲ್ಲಿ. ಚೆಲ್ಲಾಪಿಲ್ಲಿಯಾಗಿದ್ದ ಧರ್ಮಶಾಸ್ತ್ರದ ಕಟ್ಟಳೆಗಳನ್ನೆಲ್ಲ ಒಟ್ಟು ಮಾಡಿ ಬರೆದ ಪುಸ್ತಕಕ್ಕೆ 'ಶುಲ್ಹಾನ್ ಆರೂಖ್' ಅಂತ ಹೆಸರಿಟ್ಟರು, ಅಂದರೆ ಊಟಕ್ಕೆ ಅಣಿಯಾದ ಮೇಜು. 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಆದರೆ ಜರ್ಮನಿ, ಪೋಲೆಂಡ್ ಕಡೆಯ ಅಶ್ಕೆನಾಜಿ ಯಹೂದಿಗಳ ಎಷ್ಟೋ ಪದ್ಧತಿಗಳಿಗೆ ಆ ಮೇಜಿನ ಮೇಲೆ ಜಾಗವೇ ಇರಲಿಲ್ಲ.

ಕ್ರಾಕೋವ್‌ನ ರಬ್ಬಿ ಇಸ್ಸೆರ್ಲೆಸ್ ವಯಸ್ಸಿನಲ್ಲಿ ಕಾರೋಗಿಂತ ಸುಮಾರು ನಲವತ್ತು ವರ್ಷ ಚಿಕ್ಕವರು. ಪ್ರತಿಸ್ಪರ್ಧಿ ಪುಸ್ತಕ ಬರೆಯೋ ಪಾಂಡಿತ್ಯ ಅವರಿಗಿತ್ತು. ಬರೆಯಲಿಲ್ಲ. ಕಾರೋ ಬರೆದದ್ದನ್ನು ಅಳಿಸದೆ, ನಡುನಡುವೆ ತಮ್ಮ ಟಿಪ್ಪಣಿ ಸೇರಿಸಿ, ಅದಕ್ಕೆ 'ಮಪ್ಪಾ', ಮೇಜಿನ ಬಟ್ಟೆ, ಅಂದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಫೋರ್ಕ್ ಮಾಡಲಿಲ್ಲ, ಪ್ಯಾಚ್ ಹಾಕಿದರು. ಬಟ್ಟೆ ಹಾಸಿದ ಮೇಲೇ ಆ ಮೇಜು ಎರಡೂ ಕಡೆಯವರದಾಯಿತು.

ಇಷ್ಟಕ್ಕೇ ಇವರನ್ನು ಸಂಪ್ರದಾಯದ ಕಾವಲುಗಾರ ಅಂದುಕೊಂಡರೆ ಒಂದು ಶುಕ್ರವಾರದ ಕಥೆ ಕೇಳಬೇಕು. ಕ್ರಾಕೋವ್‌ನಲ್ಲಿ ತಂದೆ ಇಲ್ಲದ ಬಡ ಹುಡುಗಿಯ ಮದುವೆ. ಒಪ್ಪಿದ ವರದಕ್ಷಿಣೆಯಲ್ಲಿ ಒಂದು ಪಾಲು ಕಮ್ಮಿ ಬಿತ್ತು. ವರ ಮದುವೆಯೇ ಬೇಡ ಅಂತ ಕೂತ. (ಈ ದೃಶ್ಯಕ್ಕೆ ನಮಗೆ ಅನುವಾದ ಬೇಕಿಲ್ಲ.) ಊರಿನ ಹಿರಿಯರು ಗೋಗರೆದು ಒಪ್ಪಿಸೋ ಹೊತ್ತಿಗೆ ಕತ್ತಲಾಗಿ ಸಬ್ಬತ್ ಶುರುವಾಗಿತ್ತು. ಸಬ್ಬತ್‌ನಲ್ಲಿ ವ್ಯವಹಾರ ಇಲ್ಲ, ಬರೆಯೋದಿಲ್ಲ, ಮದುವೆಯೂ ಇಲ್ಲ. ಇಸ್ಸೆರ್ಲೆಸ್ ಎದ್ದು ನಿಂತು ಮದುವೆ ಮಾಡಿಸಿಯೇಬಿಟ್ಟರು.

ಊರಲ್ಲಿ ಗುಸುಗುಸು ಶುರುವಾಯಿತು. ಅವರು ಸುಮ್ಮನಿರದೆ ತಮ್ಮ ಸಮರ್ಥನೆಯನ್ನು ಶಾಸ್ತ್ರದ ಆಧಾರ ಕೊಟ್ಟು ಬರೆದರು. ತುರ್ತಿನಲ್ಲಿ ಇದಕ್ಕೆ ಅವಕಾಶ ಇದೆ ಅಂದ ಹಳೆಯ ವಿದ್ವಾಂಸರಿದ್ದಾರೆ, ಅನಾಥ ಹುಡುಗಿಗೆ ಜೀವನಪೂರ್ತಿ ಉಳಿಯೋ ಅವಮಾನಕ್ಕಿಂತ ದೊಡ್ಡ ತುರ್ತು ಯಾವುದು ಅನ್ನೋದು ಅವರ ವಾದ. ನನಗೆ ಇಷ್ಟವಾಗೋದು ಇದರ ಮುಂದಿನದು. 'ಮೇಜಿನ ಬಟ್ಟೆ'ಯಲ್ಲೂ ಸಬ್ಬತ್ ಮದುವೆಯ ನಿಷೇಧದ ಪಕ್ಕದಲ್ಲೇ ಅವರ ಟಿಪ್ಪಣಿ ಇದೆ: ವರದಕ್ಷಿಣೆ ಮಾತು ಮುಗಿಯದೆ ರಾತ್ರಿಯಾಗಿ, ಅಡುಗೆ ಎಲ್ಲ ತಯಾರಾಗಿದ್ದು, ಮದುವೆ ನಿಂತರೆ ವಧೂವರರಿಗೆ ಅವಮಾನ ಅಂತಾದರೆ, ಮಾಡಿಸಬಹುದು. ಆದಷ್ಟೂ ಹಾಗಾಗದಂತೆ ಮೊದಲೇ ನೋಡಿಕೊಳ್ಳಿ ಅಂತಲೂ ಸೇರಿಸಿದ್ದಾರೆ.