ಬಯಲಾಟದ ಸೀಮೆಗೆ ಸಿಐಡಿ ಪಿಕ್ಚರ್

ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಿಗೆ ರಾತ್ರಿಯಿಡೀ ಕೂತು ಆಟ ನೋಡುವುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಬಯಲಾಟವೆಂದರೆ ಉಂಡು, ಕರಿ ಕಂಬಳಿ ಹೊದ್ದು ಕೂತವರು ಕೋಳಿ ಕೂಗಿದ ಮೇಲೆ ಏಳುವ ವ್ಯವಹಾರ. ಶೇಂಗಾ ಕಿತ್ತು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲಕ್ಕೆ ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ಎಂಬತ್ತರ ದಶಕಕ್ಕೆ ಗಣೇಶನ ಹಬ್ಬದ ಚಪ್ಪರದಲ್ಲಿ ಬಾಡಿಗೆಯ ಕಲರ್ ಟಿವಿ, ವಿಸಿಆರ್ ಬಂದು ಕೂತವು. ಒಂದು ರಾತ್ರಿಗೆ ಮೂರು ಪಿಕ್ಚರ್. ಮೊದಲು ಭಕ್ತಿಯದು, ಆಮೇಲೆ ಮನೆಮಂದಿಯೆಲ್ಲ ನೋಡುವಂಥದು, ಮಕ್ಕಳು ಚಾಪೆಯ ಮೇಲೆ ನಿದ್ದೆಹೋದ ಮೇಲೆ ಫೈಟಿಂಗ್ ಇಲ್ಲವೇ ಸಸ್ಪೆನ್ಸ್. ಆ ಕ್ಯಾಸೆಟ್‌ಗಳನ್ನು ಆರಿಸಿ ತರುತ್ತಿದ್ದ ಹುಡುಗನಿಗೆ ಊರು ಯಾವ ಹೊತ್ತಿನಲ್ಲಿ ಏನನ್ನು ತಡೆದುಕೊಳ್ಳುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಚಿತ್ರೋತ್ಸವ ಸಂಯೋಜಿಸುವವರು ಮೊದಲು ಕಲಿಯಬೇಕಾದ ಪಾಠ ಅದೇ.

ಕನ್ನಡದ ಹಳೆಯ ಅಪರಾಧ ಚಿತ್ರಗಳನ್ನು ಒಂದೇ ರಾತ್ರಿಗೆ ಪೋಣಿಸಿ ತೋರಿಸುವುದಾದರೆ ಚಳ್ಳಕೆರೆಗಿಂತ ತಕ್ಕ ಊರು ನನಗೆ ಕಾಣುವುದಿಲ್ಲ. ಪೋಣಿಸುವ ದಾರವೂ ಸಿದ್ಧವಿದೆ. 1968ರಿಂದ 1989ರವರೆಗಿನ ಎರಡು ದಶಕಗಳಲ್ಲಿ ಕನ್ನಡ ಚಿತ್ರದ ಅಪರಾಧಿ ದೂರದಿಂದ ಹತ್ತಿರಕ್ಕೆ ನಡೆದು ಬಂದಿದ್ದಾನೆ. ಮೊದಲು ಅವನು ಕಡಲಾಚೆಯ ಕಳ್ಳಸಾಗಣೆದಾರ. ಆಮೇಲೆ ನಮ್ಮೂರಿನವನು, ಆಮೇಲೆ ನಮ್ಮನ್ನಾಳುವವನು, ಕೊನೆಗೆ ಬಾಗಿಲು ಹಾಕಿದ ಮನೆಯೊಳಗೆ ನಮ್ಮ ಜೊತೆಗೇ ಇರುವವನು. ಈ ನಡಿಗೆಯನ್ನು ಬಿಡಿ ಬಿಡಿಯಾಗಿ ನೋಡಿದರೆ ಗೊತ್ತಾಗುವುದಿಲ್ಲ. ಒಂದೇ ರಾತ್ರಿ, ಒಂದರ ಹಿಂದೊಂದು ನೋಡಬೇಕು.

ಚಿತ್ರಕ್ಕಿಂತ ಮೊದಲು ಪುಸ್ತಕ ಇತ್ತು. ಬಸ್ ನಿಲ್ದಾಣದ ಅಂಗಡಿಗಳಲ್ಲಿ ದಾರಕ್ಕೆ ನೇತುಬಿದ್ದ, ಬಾಡಿಗೆ ಗ್ರಂಥಾಲಯಗಳಲ್ಲಿ ರಟ್ಟು ಕಿತ್ತುಹೋಗುವಷ್ಟು ಕೈ ಬದಲಾಯಿಸಿದ ಪತ್ತೇದಾರಿ ಕಾದಂಬರಿ. ಎನ್. ನರಸಿಂಹಯ್ಯನವರು ಐದುನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಅಕ್ಷರ ಗಟ್ಟಿಮಾಡಿಕೊಂಡವರು ಒಂದು ತಲೆಮಾರಿನಷ್ಟು ಜನ. ಕನ್ನಡಕ್ಕೆ ಅರಿಶಿನ ಕುಂಕುಮದ ಬಣ್ಣದ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಈ ಓದುಗರೇ ಮುಂದೆ ಡೇರೆಯೊಳಗಿನ ನೆಲದ ಪ್ರೇಕ್ಷಕರಾದರು. ಸಿಐಡಿ ಅಂದರೆ ಏನೆಂದು ಇವರಿಗೆ ತೆರೆ ಬಂದು ಹೇಳಬೇಕಾಗಿರಲಿಲ್ಲ.

1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ ತೆಗೆಯಿತು. 1954ರಲ್ಲಿ ಬೇಡರ ಕಣ್ಣಪ್ಪನಾಗಿ ತೆರೆಗೆ ಬಂದು, ಪುರಾಣ, ಇತಿಹಾಸ, ಸಂಸಾರದ ಕಥೆಗಳಲ್ಲಿ ನಿಂತಿದ್ದ ರಾಜ್‌ಕುಮಾರ್ ಇಲ್ಲಿ ಕೋಟು ತೊಟ್ಟು ಪಿಸ್ತೂಲು ಹಿಡಿದ ಸಿಐಡಿ 999. ಬೇಡರ ಹಟ್ಟಿಗಳ ಸೀಮೆಯಲ್ಲಿ ಈ ಬದಲಾವಣೆ ಕಣ್ಣಿಗೆ ಹೇಗೆ ತಟ್ಟಿರಬೇಕೆಂದು ಊಹಿಸಿಕೊಳ್ಳಿ: ಬಿಲ್ಲು ಹಿಡಿದ ಕೈಯೇ ಈಗ ಪಿಸ್ತೂಲು ಹಿಡಿದಿದೆ. ಬ್ರಿಟನ್ನಿನ ಜೇಮ್ಸ್ ಬಾಂಡ್ ತೆರೆಗೆ ಬಂದದ್ದು 1962ರಲ್ಲಿ. ಆರು ವರ್ಷಕ್ಕೆ ಕನ್ನಡದವನು ಸಿದ್ಧನಾದ. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಗೋವಾ ಪೋರ್ಚುಗೀಸರ ಕೈಬಿಟ್ಟು ಭಾರತಕ್ಕೆ ಸೇರಿ ಆಗಿನ್ನೂ ಏಳು ವರ್ಷ. ಒಳನಾಡಿನ ಕನ್ನಡಿಗನಿಗೆ ಅದು ಹತ್ತಿರದ ವಿದೇಶ. ಅಪರಾಧವನ್ನು ಅಲ್ಲಿ ಇಟ್ಟರೆ ನಂಬಲು ಸುಲಭ, ಹೆದರಲು ಕಾರಣವಿಲ್ಲ. ಇವುಗಳಲ್ಲಿ ನನಗೆ ‘ಜೇಡರ ಬಲೆ’ಯೇ ಹೆಚ್ಚು. ಕಪ್ಪು ಬಿಳುಪಿನಲ್ಲಿ ನೆರಳಿಗೆ ಒಂದು ಮರ್ಯಾದೆಯಿದೆ. ದೊರೈ ಅವರು ಮೂಲತಃ ಛಾಯಾಗ್ರಾಹಕರು ಎಂಬುದು ಸುಮ್ಮನೆ ಮಾತಲ್ಲ.

‘ಜೇಡರ ಬಲೆ’ ಎಂಬ ಹೆಸರಿನ ಬಗ್ಗೆ ಒಂದು ಮಾತು. ಜೇಡ ಎಂದರೆ ಬಲೆ ನೇಯುವ ಹುಳು, ಜೇಡರ ಎಂದರೆ ನೇಕಾರನೂ ಹೌದು. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಅದೇ. ಮೊಳಕಾಲ್ಮುರಿನಲ್ಲಿ ಮಗ್ಗದ ಮುಂದೆ ರೇಷ್ಮೆಯ ಎಳೆ ಎಣಿಸುತ್ತ ಹಗಲು ಕಳೆಯುವವರ ಮುಂದೆ ಈ ಹೆಸರು ತೆರೆಯ ಮೇಲೆ ಮೂಡಿದರೆ ಅದು ಬೆಂಗಳೂರಿನಲ್ಲಿ ಕೊಡದ ಅರ್ಥವನ್ನು ಕೊಡುತ್ತದೆ. ಹಾಗಾಗಿ ಈ ಒಂದು ಚಿತ್ರವನ್ನು ಮೊಳಕಾಲ್ಮುರಿನಲ್ಲಿ ಇನ್ನೊಂದು ಸಂಜೆ ಬೇರೆಯಾಗಿಯೂ ತೋರಿಸಬೇಕೆಂಬುದು ನನ್ನ ಹಟ.

ಗಡಿಯ ಊರಿನ ಪ್ರೇಕ್ಷಕ ಕನ್ನಡವೊಂದನ್ನೇ ನೋಡಿದವನಲ್ಲ ಎಂಬುದನ್ನೂ ಮರೆಯುವಂತಿಲ್ಲ. ಮೊಳಕಾಲ್ಮುರು ದಾಟಿದರೆ ಆಂಧ್ರದ ರಾಯದುರ್ಗ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಸಂಸಾರಗಳು ಇಲ್ಲಿ ಎಷ್ಟೋ. ತೆಲುಗಿನ ಗೂಢಚಾರ ಕೃಷ್ಣ ‘ಗೂಢಚಾರಿ 116’ರಲ್ಲಿ 1966ಕ್ಕೇ ಬಂದಿದ್ದ, ಅಂದರೆ ನಮ್ಮ 999ಕ್ಕಿಂತ ಎರಡು ವರ್ಷ ಮೊದಲು. ‘ರೌಡಿ ರಾಣಿ’ಯಲ್ಲಿ ವಿಜಯಲಲಿತಾ ಕೈಗೆ ಬಂದೂಕು ಕೊಟ್ಟ ನಿರ್ದೇಶಕ ಕೆ.ಎಸ್.ಆರ್. ದಾಸ್ ಆಮೇಲೆ ಕನ್ನಡಕ್ಕೂ ಬಂದು ‘ಕಳ್ಳ ಕುಳ್ಳ’, ‘ಕಿಲಾಡಿ ಕಿಟ್ಟು’ ಮಾಡಿದರು. ದ್ವಾರಕೀಶ್ ಅವರ ‘ಕುಳ್ಳ ಏಜೆಂಟ್ 000’ (1972) ಈ ಗೂಢಚಾರ ಭರಾಟೆಯನ್ನೇ ನಗೆಯಾಗಿಸಿತು. ಇವೆಲ್ಲ ಡೇರೆಗೆ ಹೇಳಿ ಮಾಡಿಸಿದ ಸರಕು. ಅಂದಿನ ಜನ ಖುಷಿಪಟ್ಟು ನೋಡಿದರು. ನನ್ನ ಪಟ್ಟಿಗೆ ಮಾತ್ರ ಇವು ಬರುವುದಿಲ್ಲ. ಇವುಗಳಲ್ಲಿ ಅಪರಾಧಿ ನಿಂತಲ್ಲೇ ನಿಂತಿದ್ದಾನೆ, ಹತ್ತಿರ ಬಂದಿಲ್ಲ.

ಮೊದಲ ಹೆಜ್ಜೆ ಇಟ್ಟದ್ದು ‘ಪ್ರೇಮದ ಕಾಣಿಕೆ’ (1976). ವಿ. ಸೋಮಶೇಖರ್ ನಿರ್ದೇಶನ, ಕಥೆ ಹಿಂದಿಯ ಸಲೀಂ-ಜಾವೇದ್ ಜೋಡಿಯದು. ರೈಲಿನಲ್ಲಿ ನಡೆದ ಕೊಲೆಯನ್ನು ಕಣ್ಣಾರೆ ಕಂಡ ಹೆಣ್ಣುಮಗಳೊಬ್ಬಳು ಮುಂದೆ ಕೆಲಸಕ್ಕೆಂದು ಸೇರುವುದು ಕೊಲೆ ಮಾಡಿದವನ ಮನೆಗೇ. ಆ ಮನೆಯ ಯಜಮಾನ ರಾಜ್‌ಕುಮಾರ್. ಅಣ್ಣಾವ್ರು ಕೊಲೆಗಾರ! ನೆಲದಲ್ಲಿ ಕೂತವನಿಗೆ ಆ ಕ್ಷಣ ಉಸಿರು ನಿಂತಿರಬೇಕು. ಕೊನೆಗೆ ನ್ಯಾಯ ಅವನ ಪಾಲಿಗೇ ಬರುತ್ತದೆ ಎಂಬ ಭರವಸೆ ತಾರೆಯ ಮುಖದಲ್ಲೇ ಇರುತ್ತದೆ, ನಿಜ. ಆದರೂ ಅರ್ಧ ಚಿತ್ರದಷ್ಟು ಹೊತ್ತು ನಮ್ಮ ಪ್ರೀತಿಯ ಮುಖವನ್ನೇ ಅನುಮಾನದಿಂದ ನೋಡುವಂತೆ ಮಾಡಿದ್ದು ಸಣ್ಣ ಸಾಹಸವಲ್ಲ. ತಮಿಳು ಇದನ್ನು ನಾಲ್ಕು ವರ್ಷದ ಮೇಲೆ ರಜನೀಕಾಂತರ ‘ಪೊಲ್ಲಾದವನ್’ ಆಗಿ ತೆಗೆದುಕೊಂಡಿತು.

ಆ ಭರವಸೆಯನ್ನೂ ಕಿತ್ತುಹಾಕಿದವರು ಕಾಶೀನಾಥ್. ಮುಂದೆ ಬೇರೆಯದೇ ಬಗೆಯ ಹಾಸ್ಯಕ್ಕೆ ಹೆಸರಾದ ಅವರನ್ನು ‘ಅಪರಿಚಿತ’ದ (1978) ನಿರ್ದೇಶಕ ಎಂದು ನೆನೆಯುವವರು ಇಂದು ಕಡಿಮೆ. ಈ ಚಿತ್ರದಲ್ಲಿ ತಾರೆಯೇ ಇಲ್ಲ. ಸುರೇಶ್ ಹೆಬ್ಳೀಕರ್, ಶೋಭಾ, ‘ಚೋಮನ ದುಡಿ’ಯ ಚೋಮ ಎಂ.ವಿ. ವಾಸುದೇವ ರಾವ್, ಸುಂದರಕೃಷ್ಣ ಅರಸ್. ತಾರೆ ಇದ್ದರೆ ತಾನೆ ‘ಇವನು ಮಾಡಿರಲಾರ’ ಎಂದು ನಾವು ಮೊದಲೇ ತೀರ್ಮಾನಿಸುವುದು? ಇಲ್ಲಿ ಯಾರು ಬೇಕಾದರೂ ಮಾಡಿರಬಹುದು. ಪತ್ತೇದಾರಿ ಕಾದಂಬರಿಯ ಓದುಗನಿಗಿದ್ದ ಆ ಸ್ವಾತಂತ್ರ್ಯ ಕನ್ನಡ ಚಿತ್ರದ ಪ್ರೇಕ್ಷಕನಿಗೆ ಪೂರ್ತಿಯಾಗಿ ದಕ್ಕಿದ್ದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಕಾಶೀನಾಥ್ ಅವರೇ ಇದನ್ನು ಹಿಂದಿಯಲ್ಲಿ ‘ಬೇಶಕ್’ ಎಂದು 1981ರಲ್ಲಿ ಮತ್ತೆ ಮಾಡಿದರು. ನೋವಿನ ಸಂಗತಿ ಏನೆಂದರೆ, ವಾಣಿ ಜಯರಾಂ ಹಾಡಿದ ‘ಅಪರಿಚಿತ’ದ ಹಾಡು ಆಕಾಶವಾಣಿಯ ದಯೆಯಿಂದ ಮನೆಮನೆಯಲ್ಲಿ ಉಳಿಯಿತು. ಹಾಡು ಹುಟ್ಟಿದ ಚಿತ್ರ ಮರೆಗೆ ಸರಿಯಿತು. ಕಣ್ಣು ಮುಚ್ಚಿ ಆ ಹಾಡು ಗುನುಗುವವರನ್ನು ಕೇಳಿ, ಅದು ಕೊಲೆಯ ರಹಸ್ಯವಿರುವ ಚಿತ್ರದ್ದೆಂದು ಹೇಳಿದರೆ ಬೆರಗಾಗುತ್ತಾರೆ. ಮರೆತುಹೋದ ಚಿತ್ರ ಎಂದಾಗ ನನ್ನ ಮನಸ್ಸಿನಲ್ಲಿರುವುದು ಇಂಥದ್ದು: ಹೆಸರು ಗೊತ್ತು, ಹಾಡು ಬಾಯಿಪಾಠ, ದೊಡ್ಡ ತೆರೆಯ ಮೇಲೆ ನೋಡಿದವರು ವಿರಳ.

ಅಲ್ಲಿಂದ ಮುಂದಿನ ದಾರಿಯಲ್ಲಿ ಶಂಕರ್‌ನಾಗ್ ಸಿಗುತ್ತಾರೆ, ಒಂದಲ್ಲ ಮೂರು ಸಲ. ಅವರು ನಿರ್ದೇಶಿಸಿದ ಮೊದಲ ಚಿತ್ರ ‘ಮಿಂಚಿನ ಓಟ’ (1980) ಕಾರು ಕದಿಯುವವರ ಕಥೆ. ಅಣ್ಣ ಅನಂತ್‌ನಾಗ್, ತಾವು, ಜೊತೆಗೆ ಹಿರಿಯ ನಟ ಲೋಕನಾಥ್. ಕಳ್ಳರ ಕಡೆಯಿಂದಲೇ ಕಥೆ ಹೇಳಿ, ಅವರ ಹಸಿವು, ಸ್ನೇಹ, ಜೈಲಿನಿಂದ ಪಾರಾಗುವ ತವಕವನ್ನು ನಮ್ಮದಾಗಿಸಿದ ಚಿತ್ರ. 1981ರಲ್ಲಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಅಂತ’ ಬಂತು. ‘ಸುಧಾ’ದಲ್ಲಿ ಧಾರಾವಾಹಿಯಾಗಿ ಬಂದ ಎಚ್.ಕೆ. ಅನಂತರಾವ್ ಅವರ ಕಾದಂಬರಿ, ಅಂಬರೀಶ್ ಅವರ ದ್ವಿಪಾತ್ರ. ಅಪರಾಧಿ ಈಗ ಖಾದಿ ತೊಟ್ಟವನ, ಅಧಿಕಾರಿಯ ಕುರ್ಚಿಯಲ್ಲಿ ಕೂತವನ ರೂಪದಲ್ಲಿದ್ದ. ಸೆನ್ಸಾರ್ ವಿವಾದ ಎದ್ದದ್ದು ಸಹಜ. ಅದು ಮರೆತುಹೋದ ಚಿತ್ರವಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

‘ಆಕ್ಸಿಡೆಂಟ್’ (1985) ಬಗ್ಗೆ ಹಾಗೆ ಬಿಟ್ಟು ಮುಂದೆ ಹೋಗಲಾರೆ. ಅಮಲಿನಲ್ಲಿ ಫುಟ್‌ಪಾತಿನ ಮೇಲೆ ಮಲಗಿದ್ದ ಬಡವರ ಮೇಲೆ ಕಾರು ಹಾಯಿಸಿದ ರಾಜಕಾರಣಿಯ ಮಗ, ಅವನನ್ನು ಉಳಿಸಲು ಒಂದಾಗುವ ಹಣ ಮತ್ತು ಅಧಿಕಾರ, ಬೆನ್ನು ಹತ್ತುವ ಒಬ್ಬ ಪತ್ರಕರ್ತ. ಸಾಮಾಜಿಕ ಸಮಸ್ಯೆಯ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಪಡೆಯಿತು. ಇದನ್ನು ನಿರ್ದೇಶಿಸಿದ ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ತೀರಿಕೊಂಡದ್ದು ರಸ್ತೆಯಲ್ಲೇ. ಚಿತ್ರದುರ್ಗ ದಾಟಿ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ, ಆನಗೋಡಿನ ಬಳಿ. ನಮ್ಮ ಜಿಲ್ಲೆಯವರು ಆ ದಾರಿಯಲ್ಲಿ ಇಂದಿಗೂ ಬಸ್ಸಿನ ಕಿಟಕಿಯಿಂದ ಆ ಜಾಗ ತೋರಿಸುತ್ತಾರೆ. ಅದಕ್ಕೇ ಈ ಚಿತ್ರವನ್ನು ಅಹೋರಾತ್ರಿಯ ಸಾಲಿಗೆ ಸೇರಿಸುವ ಮನಸ್ಸು ನನಗಿಲ್ಲ. ಅದನ್ನು ಒಂದು ಹಗಲು, ಕಾಲೇಜಿನ ಮಕ್ಕಳ ಮುಂದೆ, ಮುಗಿದ ಮೇಲೆ ಮಾತಾಡಲು ಬಿಡುವಿಟ್ಟು ತೋರಿಸಬೇಕು.

ಶಂಕರ್‌ನಾಗ್ ಮೂರನೆಯ ಸಲ ಬರುವುದು ನಟರಾಗಿ, ಸುನೀಲ್‌ಕುಮಾರ್ ದೇಸಾಯಿ ಅವರ ಮೊದಲ ಚಿತ್ರ ‘ತರ್ಕ’ದಲ್ಲಿ (1989). ಹಾಡಿಲ್ಲ. ಕುಣಿತವಿಲ್ಲ. ಹಾಡಿಲ್ಲದೆ ಕನ್ನಡ ಚಿತ್ರ ಓಡದು ಎಂದಿದ್ದ ಕಾಲದಲ್ಲಿ ಇದು ಓಡಿತು. ತಮಿಳಿನಲ್ಲಿ ‘ಪುರಿಯಾದ ಪುದಿರ್’ ಆಯಿತು. ಹಾಡು ಡೇರೆಯ ಪ್ರೇಕ್ಷಕನಿಗೆ ಹೊರಗೆದ್ದು ಹೋಗಿ ಬೀಡಿ ಹಚ್ಚುವ ಬಿಡುವೂ ಆಗಿತ್ತು. ದೇಸಾಯಿ ಆ ಬಿಡುವನ್ನು ಮುಚ್ಚಿಬಿಟ್ಟರು. ಅದೇ ಧೈರ್ಯದ ಮೇಲೆ ‘ಉತ್ಕರ್ಷ’, ಬ್ಯಾಂಕ್ ಕಟ್ಟಡವೊಂದರೊಳಗೇ ನಡೆಯುವ ‘ನಿಷ್ಕರ್ಷ’ ಬಂದವು. ದಿನೇಶ್ ಬಾಬು ಎರಡೇ ದಿನದೊಳಗೆ ಚಿತ್ರೀಕರಿಸಿದ ‘ಇದು ಸಾಧ್ಯ’ವೂ 1989ರದ್ದೇ. ಅಲ್ಲಿಂದೀಚೆಗೆ ಭೂಗತ ಲೋಕದ ಅಬ್ಬರ ಕನ್ನಡವನ್ನು ಆಳಿತು. ಅದು ಬೇರೆಯದೇ ಕಥೆ. 2019ರ ‘ಬೆಲ್ ಬಾಟಂ’ ಪತ್ತೇದಾರಿ ಕಾದಂಬರಿಗಳ ಕಾಲವನ್ನು ಅಕ್ಕರೆಯಿಂದ ಮತ್ತೆ ಕಟ್ಟಿ ತೋರಿಸಿದಾಗ, ಆ ಕಾಲದ ಚಿತ್ರಗಳನ್ನೇ ಒಮ್ಮೆ ತೋರಿಸಿದರೆ ಹೇಗೆ ಎಂಬ ಆಸೆ ನನ್ನಲ್ಲಿ ಬಲಿಯಿತು.

ಹೀಗೆ ಹಳೆಯ ಅಪರಾಧ ಚಿತ್ರಗಳನ್ನು ಹುಡುಕಿ ಸಾಲಾಗಿ ತೋರಿಸುವುದು ಹೊರಗೆ ಈಗ ನೆಲೆಯೂರಿದ ಪದ್ಧತಿ. ಅಮೆರಿಕದ ಕಪ್ಪು ನೆರಳಿನ ಚಿತ್ರಗಳಿಗೆ 1946ರಲ್ಲಿ ‘ಫಿಲ್ಮ್ ನುವಾರ್’ ಎಂದು ಹೆಸರಿಟ್ಟವನು ಫ್ರಾನ್ಸಿನ ವಿಮರ್ಶಕ ನಿನೊ ಫ್ರಾಂಕ್. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2003ರಲ್ಲಿ ಎಡ್ಡಿ ಮುಲ್ಲರ್ ಶುರುಮಾಡಿದ ‘ನುವಾರ್ ಸಿಟಿ’ ಉತ್ಸವ, ಕಳೆದುಹೋಗುತ್ತಿದ್ದ ಪ್ರಿಂಟುಗಳನ್ನು ಉಳಿಸುವ ಕೆಲಸಕ್ಕೂ ದಾರಿಯಾಯಿತು. ನಮ್ಮಲ್ಲಿ ಬೆಂಗಳೂರಿನ ಸುಚಿತ್ರಾ 1971ರಲ್ಲಿ, ಹೆಗ್ಗೋಡಿನ ನೀನಾಸಮ್ ಚಿತ್ರಸಮಾಜ 1973ರಲ್ಲಿ ಹುಟ್ಟಿದವು. ಜಗತ್ತಿನ ದೊಡ್ಡ ಚಿತ್ರಗಳನ್ನು ಹಳ್ಳಿಗರ ಮುಂದೆ ಇಟ್ಟು, ಅವರು ನೋಡಬಲ್ಲರು ಎಂದು ನೀನಾಸಮ್‌ನ ಕೆ.ವಿ. ಸುಬ್ಬಣ್ಣ ತೋರಿಸಿಕೊಟ್ಟರು. ಆ ಋಣ ದೊಡ್ಡದು. ಆದರೆ ಚಿತ್ರಸಮಾಜಗಳ ಕಣ್ಣು ಕಲಾತ್ಮಕ ಚಿತ್ರದ ಮೇಲೆ ನೆಟ್ಟಿತ್ತು. ಸಿಐಡಿ ಪಿಕ್ಚರುಗಳನ್ನು ಅವು ಗಾಂಧಿನಗರಕ್ಕೇ ಬಿಟ್ಟವು, ಗಾಂಧಿನಗರವೋ ಓಟ ಮುಗಿದ ಚಿತ್ರವನ್ನು ತಿರುಗಿ ನೋಡಲಿಲ್ಲ. ಹೀಗೆ ಇಬ್ಬರ ನಡುವೆ ಬಿದ್ದು ಹಾಳಾದ ಪ್ರಿಂಟುಗಳನ್ನು ನೆನೆದರೆ ಸಂಕಟವಾಗುತ್ತದೆ. 1934ರ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಿತ್ರ ಸಂಗ್ರಹಾಲಯ ಬಂದದ್ದು 1964ರಲ್ಲಿ. ಕನ್ನಡ ಚಿತ್ರಗಳು ಮದ್ರಾಸಿನ ಲ್ಯಾಬುಗಳಲ್ಲಿ ಹುಟ್ಟಿ, ನೆಗೆಟಿವ್ ಅಲ್ಲೇ ಉಳಿದು, ಸೆಕೆಗೆ ಹುಳಿವಾಸನೆ ಹಿಡಿದು ಸುರುಳಿಕೊಂಡವು.

ಆದ್ದರಿಂದ ಸಂಯೋಜಕನ ಕೆಲಸ ಪಟ್ಟಿ ಬರೆದಲ್ಲಿಗೆ ಮುಗಿಯುವುದಿಲ್ಲ. ಹಕ್ಕು ಯಾರ ಬಳಿಯಿದೆ ಎಂದು ಪತ್ತೆ ಮಾಡಬೇಕು. ನಿರ್ಮಾಪಕರು ತೀರಿಕೊಂಡಿದ್ದರೆ ಮಕ್ಕಳನ್ನು ಹುಡುಕಬೇಕು. ಟಿವಿಗೆಂದು ಮಾಡಿದ ಟೇಪಿನಲ್ಲಿ ಅಂಚು ಕತ್ತರಿಸಿದೆಯೇ, ರೀಲು ಹಾರಿದೆಯೇ ಎಂದು ಕೂತು ನೋಡಬೇಕು. ಅಪರಾಧ ಚಿತ್ರದಲ್ಲಿ ಹತ್ತು ನಿಮಿಷ ಹಾರಿದರೆ ಸುಳಿವೇ ಹಾರಿದಂತೆ. ವಿಸಿಡಿ ಹಚ್ಚಿ ದೊಡ್ಡ ತೆರೆಗೆ ಬಿಡುವುದು ಸುಲಭ. ಹಾಗೆ ಮಾಡಬಾರದು. ನೆರಳನ್ನೇ ನಂಬಿದ ಚಿತ್ರ ಅದರಲ್ಲಿ ಬೂದಿಯಾಗುತ್ತದೆ.

ಚಳ್ಳಕೆರೆಯ ಆ ರಾತ್ರಿಗೆ ನನ್ನ ಸಾಲು ಇದು. ಶೇಂಗಾ ಒಕ್ಕಣೆ ಮುಗಿದ ಮೇಲಿನ ಒಂದು ಶನಿವಾರ, ಬಯಲಲ್ಲಿ ತೆರೆ ಕಟ್ಟಿ. ಎಂಟು ಗಂಟೆಗೆ ‘ಜೇಡರ ಬಲೆ’. ಅಜ್ಜಂದಿರು ಮೊಮ್ಮಕ್ಕಳನ್ನು ಕರೆದುಕೊಂಡು ಬರುವುದು ಇದಕ್ಕೇ, ಶಿಳ್ಳೆ ಬೀಳುವುದೂ ಇದಕ್ಕೇ. ಹತ್ತೂಮುಕ್ಕಾಲಿಗೆ ‘ಪ್ರೇಮದ ಕಾಣಿಕೆ’ಯೋ ‘ಅಪರಿಚಿತ’ವೋ ಎಂದು ಬಹಳ ದಿನ ತೂಗಿದೆ. ಮನಸ್ಸು ಎಚ್ಚರವಿದ್ದು ಕತ್ತಲು ಗಟ್ಟಿಯಾಗುವ ಹೊತ್ತು ಅದು. ‘ಅಪರಿಚಿತ’ಕ್ಕೇ ಕೊಡುತ್ತೇನೆ; ‘ಪ್ರೇಮದ ಕಾಣಿಕೆ’ಯನ್ನು ಮೊಳಕಾಲ್ಮುರಿನ ಸಂಜೆಗೆ ‘ಜೇಡರ ಬಲೆ’ಯ ಜೊತೆ ಇಡೋಣ. ಒಂದೂವರೆಗೆ ಮಂಡಕ್ಕಿ ಮೆಣಸಿನಕಾಯಿ, ಚಹಾ. ಎರಡು ಗಂಟೆ ರೆಪ್ಪೆ ಭಾರವಾಗುವ ಕಾಲ. ಬಯಲಾಟದವರು ಆ ಹೊತ್ತಿಗೆ ರಾಕ್ಷಸನನ್ನು ಕರೆತಂದು ಮದ್ದಲೆಯ ಗತಿ ಏರಿಸುತ್ತಾರೆ. ನಾವು ‘ಮಿಂಚಿನ ಓಟ’ದ ಕಾರುಗಳನ್ನು ಬಿಡೋಣ. ನಾಲ್ಕೂವರೆಗೆ, ಉಳಿದವರಿಗಾಗಿ, ‘ತರ್ಕ’. ಹಾಡಿಲ್ಲದ ಚಿತ್ರದಲ್ಲಿ ಮೌನಕ್ಕೆ ಜಾಗವಿದೆ, ಆ ಹೊತ್ತಿನ ಬಯಲಿನಲ್ಲೂ ಇದೆ. ಒಂದು ಎಚ್ಚರಿಕೆ ಮಾತ್ರ ಬೇಕು. ನಾಲ್ಕೂವರೆ ದಾಟಿ ತಡವಾದರೆ ಕೊನೆಯ ಹತ್ತು ನಿಮಿಷಕ್ಕೆ ಮೂಡಣ ಬೆಳ್ಳಗಾಗಿ ತೆರೆ ಮಸುಕಾಗುತ್ತದೆ, ಕೊಲೆಗಾರನ ಮುಖ ಕಾಣದೆ ಹೋಗುತ್ತದೆ. ಅದಕ್ಕೇ ಮೆಣಸಿನಕಾಯಿ ಅಂಗಡಿಯವರಿಗೆ ಮೊದಲೇ ಹೇಳಿಡಬೇಕು, ಬಾಣಲೆಯನ್ನು ಒಂದು ಗಂಟೆಗೇ ಒಲೆಗೇರಿಸಿ ಎಂದು.