ಪಡ್ರೆಯ ಹುಡುಗರ ರಕ್ತದಲ್ಲಿ ಎಲ್‌ಎಚ್: ಎಂಡೋಸಲ್ಫಾನ್ ಸಾಕ್ಷ್ಯದ ಮರುಓದು

ಎಂಡೋಸಲ್ಫಾನ್ ಕೀಟನಾಶಕದ ಚರಿತ್ರೆ ಬರೆದವರೆಲ್ಲ ಕಾಸರಗೋಡಿನ ಪಡ್ರೆಯ ಅಧ್ಯಯನವನ್ನು ಹೆಸರಿಸುತ್ತಾರೆ. ಅದರ ಹಾರ್ಮೋನು ಕೋಷ್ಟಕದ ಮುಂದೆ ನಿಂತು ಓದಿದವರು ಕಡಿಮೆ. ವಿಷವು ಈಸ್ಟ್ರೋಜನ್ನಿನಂತೆ ನಟಿಸಿ ಗಂಡುಮಕ್ಕಳ ಬೆಳವಣಿಗೆಯನ್ನು ತಡೆಯಿತು ಎಂಬ ವಿವರಣೆ ಬರಹದಿಂದ ಬರಹಕ್ಕೆ ದಾಟಿಬಂದಿದೆ. ಇದರಿಂದ ಲಾಭವಾದದ್ದು ವಿಷವನ್ನು ಸಮರ್ಥಿಸುವ ಎದುರು ಪಕ್ಷಕ್ಕೆ. ಕೋಶಪರೀಕ್ಷೆಗಳಲ್ಲಿ ಎಂಡೋಸಲ್ಫಾನಿನ ಈಸ್ಟ್ರೋಜನ್ ಗುಣ ತೀರ ದುರ್ಬಲ. ಅಷ್ಟನ್ನು ತೋರಿಸಿ ಪಡ್ರೆಯ ಮಕ್ಕಳನ್ನೇ ಬದಿಗೆ ಸರಿಸಬಹುದು!

ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ಸೈಯದ್ ಮತ್ತು ಸಂಗಡಿಗರ ಪ್ರಬಂಧ 2003ರಲ್ಲಿ ಪ್ರಕಟವಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಗೇರುತೋಟದ ಮೇಲೆ ಆಕಾಶದಿಂದ ವಿಷ ಸುರಿದ ಊರಿನ 117 ಹುಡುಗರನ್ನು, ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಲಾಗಿತ್ತು. ಎಲ್ಲರೂ 10ರಿಂದ 19 ವರ್ಷದವರು. ಹಾರ್ಮೋನು ಪರೀಕ್ಷೆ ನಡೆದದ್ದು 70 ಮತ್ತು 47 ಮಂದಿಗೆ. ವಯಸ್ಸಿನ ವ್ಯತ್ಯಾಸ ಕಳೆದ ಮೇಲೂ, ಸಿಂಪಡಣೆಗೆ ಒಡ್ಡಿಕೊಂಡವರಲ್ಲಿ ಟೆಸ್ಟೋಸ್ಟಿರಾನ್ ಕಡಿಮೆ, ಎಲ್‌ಎಚ್ (ಲ್ಯೂಟಿನೈಸಿಂಗ್ ಹಾರ್ಮೋನು) ಹೆಚ್ಚು.

ನನ್ನ ವಾದವೆಲ್ಲ ಈ ಜೋಡಿಯ ಮೇಲೆ ನಿಂತಿದೆ. ಮಿದುಳಡಿಯ ಪಿಟ್ಯುಟರಿ ಎಲ್‌ಎಚ್ ಕಳಿಸಿದರೆ ವೃಷಣ ಟೆಸ್ಟೋಸ್ಟಿರಾನ್ ತಯಾರಿಸುತ್ತದೆ. ಅದು ಸಾಕಾದಾಗ ಎಲ್‌ಎಚ್ ತಗ್ಗುತ್ತದೆ. ಈಸ್ಟ್ರೋಜನ್ನಿನ ಅನುಕರಣೆಯೇ ಮುಖ್ಯ ಕಾರಣವಾಗಿದ್ದರೆ ಎಲ್‌ಎಚ್ ಕೂಡ ಕುಗ್ಗಬೇಕಿತ್ತು. ಅಪೌಷ್ಟಿಕತೆಯಿಂದ ಪ್ರಾಯ ತಡವಾಗಿದ್ದರೂ ಅಷ್ಟೇ: ಮೇಲಿನ ಅಪ್ಪಣೆಯೇ ಕ್ಷೀಣವಾಗಿರುತ್ತಿತ್ತು. ಆಂಡ್ರೋಜನ್ ಗ್ರಾಹಕಕ್ಕೆ ಮಾತ್ರ ತಡೆಯಿದ್ದರೆ ಎರಡೂ ಏರುವುದು ಸಹಜ. ಅಪ್ಪಣೆ ಏರಿಯೂ ಉತ್ಪಾದನೆ ಇಳಿದಿದೆಯೆಂದರೆ ಪೆಟ್ಟು ವೃಷಣಕ್ಕೇ ಬಿದ್ದಿದೆ. ಲೈಂಗಿಕ ಹಾರ್ಮೋನಿನ ತಯಾರಿಕೆಗೆ ಅಡ್ಡಿಯಾಗಿರಬಹುದೆಂದು ಪ್ರಬಂಧಕಾರರೇ ಹೇಳಿದ್ದರು. ಸಮರ್ಥಕರೂ ವಿರೋಧಿಗಳೂ ಆ ಮಾತನ್ನು ಬಿಟ್ಟು, ಅವರು ನೆಚ್ಚಿಕೊಳ್ಳದ ಈಸ್ಟ್ರೋಜನ್ನಿನ ಬಗ್ಗೆ ಜಗಳವಾಡಿದ್ದು ನನಗೆ ಅಕ್ಷಮ್ಯವೆನಿಸುತ್ತದೆ.

ಒಂದು ತೊಡಕನ್ನು ಮುಚ್ಚಿಡಲಾಗದು. 1990ರಲ್ಲಿ ಸಿಂಗ್ ಮತ್ತು ಪಾಂಡೆ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಟೆಸ್ಟೋಸ್ಟಿರಾನ್ ತಯಾರಿಸುವ ಕಿಣ್ವಗಳು ಮಂದವಾದವು. ಇದು ನನ್ನ ಓದಿಗೆ ಆಧಾರ. ಆದರೆ ಅಲ್ಲಿ ಎಲ್‌ಎಚ್ ಕೂಡ ಇಳಿದಿತ್ತು. ಬಲವಂತವಾಗಿ ನುಂಗಿಸಿದ ಪ್ರಮಾಣವನ್ನೂ ವರ್ಷಗಟ್ಟಲೆ ಗಾಳಿ, ನೀರು, ಅನ್ನದಲ್ಲಿ ಸೇರಿದ ಅಲ್ಪಾಂಶವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದು ನನ್ನ ಸಮಾಧಾನ. ಒಪ್ಪದವರು ಒಪ್ಪದಿರಲಿ, ಆದರೆ ಕೋಷ್ಟಕ ಓದಿ ಒಪ್ಪದಿರಲಿ. ಪಡ್ರೆಯ ಪ್ರಬಂಧದಲ್ಲೇ ಇರುವ ಜನ್ಮಜಾತ ದೋಷಗಳ ಅಂಕಿ (ಪಡ್ರೆಯಲ್ಲಿ 5.1, ಹೋಲಿಕೆಯ ಊರಿನಲ್ಲಿ 1.1 ಶೇಕಡಾ) ಸಂಖ್ಯಾಶಾಸ್ತ್ರದ ಪರೀಕ್ಷೆ ದಾಟಲಿಲ್ಲ, ಅದನ್ನು ಮುಂದೊಡ್ಡುವ ನಮ್ಮವರು ಗಟ್ಟಿ ಸಾಕ್ಷ್ಯವನ್ನು ಬಿಟ್ಟು ಸಡಿಲವನ್ನು ಹಿಡಿದಿದ್ದಾರೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಆಶ್ರಯದ ಸ್ಟಾಕ್‌ಹೋಮ್ ಒಪ್ಪಂದ 2011ರಲ್ಲಿ ಎಂಡೋಸಲ್ಫಾನನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿತು. ಆ ಒಪ್ಪಂದದ ಅಳತೆಗೋಲುಗಳು ವಿಷತ್ವದ ಜೊತೆಗೆ ಪರಿಸರದಲ್ಲಿ ಉಳಿಯುವಿಕೆ, ಜೀವಿಗಳಲ್ಲಿ ಶೇಖರಣೆ, ದೂರಸಂಚಾರ. ವೃಷಣದೊಳಗೆ ಏನಾಯಿತೆಂಬುದು ಇತ್ಯರ್ಥವಾಗದೆಯೂ ನಿಷೇಧ ಸಾಧ್ಯವಿತ್ತು. ವಾಣಿನಗರದ ವೈದ್ಯ ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮೊದಲಾದವರು ವರ್ಷಗಟ್ಟಲೆ ಕೇಳಿದ ಪ್ರಶ್ನೆ ಮಾತ್ರ ದೇಹದ್ದಾಗಿತ್ತು: ಈ ಮಕ್ಕಳಿಗೆ ಆದದ್ದೇನು? ಅದಕ್ಕೆ ದೊರೆತ ಅತ್ಯಂತ ಸಮೀಪದ ಉತ್ತರ ಆ ಎಪ್ಪತ್ತು ಹುಡುಗರ ಎಲ್‌ಎಚ್ ಅಂಕಿಗಳಲ್ಲಿದೆ.